ದೂರದ ಪ್ರಾಂತ್ಯದಲ್ಲಿ ಕೊಂಡ ಟ್ರಾಕ್ಟರನ್ನು ಊರಿಗೆ ತರುವ ವೆಚ್ಚ

ಹಿಂದಿನ ಕಾಲದಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಒಂದು ಜೊತೆ ಎತ್ತುಗಳನ್ನು ಕೊಂಡ ಒಕ್ಕಲಿಗನು ಅವುಗಳನ್ನು ಹೊಡೆದುಕೊಂಡು ನಡೆದೇ ಊರಿಗೆ ಬರುತ್ತಿದ್ದನು. ದಾರಿಯಲ್ಲಿ ಎರಡು ಹೊರೆ ಮೇವು, ಒಂದೆರಡು ರಾತ್ರಿ ಛತ್ರದ ವಾಸ, ಮನೆಯಿಂದ ಕಟ್ಟಿಕೊಂಡು ಬಂದ ಬುತ್ತಿ, ಇಷ್ಟೇ ಅವನ ದಾರಿಯ ಖರ್ಚು. ಜಾತ್ರೆಯಲ್ಲಿ ಕೊಟ್ಟ ಬೆಲೆಯೇ ಹೆಚ್ಚುಕಡಿಮೆ ಎತ್ತುಗಳ ಅಸಲಾಗುತ್ತಿತ್ತು. ಯಂತ್ರದ ವಿಷಯದಲ್ಲಿ ಈ ಹಳೆಯ ಲೆಕ್ಕವು ಸಾಲದು. ಟ್ರಾಕ್ಟರು ದಾರಿಯ ಹುಲ್ಲನ್ನು ಮೇಯ್ದು ಬರತಕ್ಕ ಪ್ರಾಣಿಯಲ್ಲ.

ಪಂಜಾಬಿನ ಮೋಗಾ, ತಲ್ವಂಡಿ ಭಾಯಿ, ಮಲೋಟ್ ಮೊದಲಾದ ಊರುಗಳಲ್ಲಿ ಹಳೆಯ ಟ್ರಾಕ್ಟರುಗಳ ಸಂತೆಗಳು ನಡೆಯುತ್ತವೆ. ಅಲ್ಲಿನ ಯಂತ್ರಗಳ ಚಿತ್ರಗಳೂ ಹೇಳುವ ಬೆಲೆಗಳೂ ಈಗ ಮೊಬೈಲ್ ಫೋನಿನಲ್ಲಿಯೇ ಕಾಣಸಿಗುವುದರಿಂದ, ನಮ್ಮ ಸೀಮೆಯ ಬೆಲೆಗಿಂತ ಅವು ಅಗ್ಗವೆಂದು ಕಂಡ ಭೂಮಾಲೀಕರಲ್ಲಿ ಅಲ್ಲಿಂದಲೇ ತರಿಸಬೇಕೆಂಬ ಆಸೆಯು ಹುಟ್ಟುವುದು ಸಹಜವಾಗಿದೆ. ಆಸೆಯು ತಪ್ಪಲ್ಲ. ಆದರೆ ಮಾರುವವನ ಕೈಗೆ ಕೊಟ್ಟ ಮೊಬಲಗು ಯಂತ್ರದ ಬೆಲೆಯ ಒಂದು ಭಾಗವು ಮಾತ್ರ. ತನ್ನ ಹೊಲದ ಬದುವಿನಲ್ಲಿ, ತನ್ನ ಹೆಸರಿನ ಕಾಗದಪತ್ರಗಳೊಡನೆ, ಉಳುವುದಕ್ಕೆ ಸಿದ್ಧವಾಗಿ ನಿಂತಾಗ ಒಟ್ಟು ಎಷ್ಟು ವೆಚ್ಚವಾಗಿರುತ್ತದೆಯೋ ಅದೇ ಅದರ ನಿಜವಾದ ಬೆಲೆಯೆಂದು ತಿಳಿಯತಕ್ಕದ್ದು.

ಒಂದು ಮಾದರಿ ಲೆಕ್ಕ

ಈ ಸಂಗತಿಯು ಸ್ಪಷ್ಟವಾಗುವಂತೆ ಒಂದು ಲೆಕ್ಕವನ್ನು ಉದಾಹರಣೆಗಾಗಿ ಹಾಕಿದೆ. ಇದರಲ್ಲಿನ ದರಗಳು ಕೇವಲ ತಿಳಿವಳಿಕೆಗಾಗಿ ಇಟ್ಟುಕೊಂಡವುಗಳು. ಓದುವವರು ಇವುಗಳ ಸ್ಥಳದಲ್ಲಿ ತಾವು ವಿಚಾರಿಸಿ ತಿಳಿದ ದರಗಳನ್ನು ಹಾಕಿಕೊಳ್ಳಬೇಕು.

ಪಂಜಾಬಿನಲ್ಲಿ ಒಂದು ಹಳೆಯ ಟ್ರಾಕ್ಟರಿಗೆ ೩,೦೦,೦೦೦ ರೂಪಾಯಿ ಬೆಲೆಯೆಂದೂ, ಅಂಥದೇ ಯಂತ್ರವು ತನ್ನ ಜಿಲ್ಲೆಯಲ್ಲಿ ೩,೬೦,೦೦೦ ರೂಪಾಯಿಗೆ ದೊರೆಯುವುದೆಂದೂ ಇಟ್ಟುಕೊಳ್ಳಬಹುದು. ಮೇಲುನೋಟಕ್ಕೆ ೬೦,೦೦೦ ರೂಪಾಯಿ ಉಳಿತಾಯವು. ಇಬ್ಬರು ಹೋಗಿಬರುವ ರೈಲುಪ್ರಯಾಣ, ವಸತಿ, ಊಟಗಳಿಗೆ ೧೨,೦೦೦. ಯಂತ್ರವನ್ನು ಪರೀಕ್ಷಿಸುವ ಮೆಕ್ಯಾನಿಕ್ಕಿನ ಕೂಲಿ ಮತ್ತು ದಲ್ಲಾಳಿಗೆ ೮,೦೦೦. ಏರಿಸಿ ಇಳಿಸುವ ಕೂಲಿ, ಸರಪಳಿ, ಹಗ್ಗಗಳಿಗೆ ೪,೦೦೦. ವಿಮೆ, ಹೆಸರು ಬದಲಾವಣೆ ಮೊದಲಾದ ಕಾಗದಪತ್ರಗಳಿಗೆ, ತೆರಿಗೆಯನ್ನು ಬಿಟ್ಟು, ೧೦,೦೦೦. ಇನ್ನು ಲಾರಿಯ ಬಾಡಿಗೆ. ದಾರಿಯು ೨,೨೦೦ ಕಿಲೋಮೀಟರು, ಬಾಡಿಗೆಯು ಕಿಲೋಮೀಟರಿಗೆ ೬೦ ರೂಪಾಯಿ ಎಂದರೆ ಇಡೀ ಲಾರಿಗೆ ೧,೩೨,೦೦೦ ರೂಪಾಯಿ ಆಗುತ್ತದೆ. ಒಬ್ಬನೇ ಲಾರಿ ಮಾಡಿಕೊಂಡು ತಂದರೆ ಒಟ್ಟು ಮೇಲುಖರ್ಚು ೧,೬೬,೦೦೦ ರೂಪಾಯಿ. ೬೦,೦೦೦ ಉಳಿಸಲು ಹೋದವನು ೧,೦೬,೦೦೦ ರೂಪಾಯಿ ಕಳೆದುಕೊಂಡಂತಾಯಿತು.

ಇದೇ ಕೆಲಸವನ್ನು ಮೂವರು ಸೇರಿ ಮಾಡಿದರೆಂದು ಭಾವಿಸಬಹುದು. ಒಂದೇ ಲಾರಿಯಲ್ಲಿ ಮೂರು ಟ್ರಾಕ್ಟರುಗಳು ಬಂದರೆ ಒಬ್ಬೊಬ್ಬರ ಪಾಲಿನ ಬಾಡಿಗೆಯು ೪೪,೦೦೦ ರೂಪಾಯಿಗೆ ಇಳಿಯುತ್ತದೆ. ಮೂವರ ಪರವಾಗಿ ಇಬ್ಬರು ಹೋಗಿ ಒಬ್ಬನೇ ಮೆಕ್ಯಾನಿಕ್ಕಿನಿಂದ ಪರೀಕ್ಷೆ ಮಾಡಿಸಿದರೆ ಆ ೨೦,೦೦೦ ರೂಪಾಯಿಯೂ ಮೂರು ಪಾಲಾಗಿ ಸುಮಾರು ೬,೭೦೦ ಆಗುತ್ತದೆ. ಕೂಲಿ, ಕಾಗದಪತ್ರಗಳ ೧೪,೦೦೦ ರೂಪಾಯಿಯನ್ನು ಸೇರಿಸಿದರೆ ಒಬ್ಬೊಬ್ಬರಿಗೆ ೬೪,೭೦೦ ರೂಪಾಯಿ. ಇಷ್ಟು ಹಿಡಿತ ಮಾಡಿದರೂ ೪,೭೦೦ ರೂಪಾಯಿ ನಷ್ಟವೇ ಉಳಿಯುವುದು. ಎರಡು ಊರುಗಳ ಬೆಲೆಗಳಲ್ಲಿ ಒಂದು ಲಕ್ಷದ ಅಂತರವಿದ್ದರೆ ಮಾತ್ರ ಮೂವರಿಗೂ ಕೈಗೆ ಹತ್ತುವಂತಹ ಲಾಭವು ಬರುತ್ತದೆ. ಒಂಟಿಯಾಗಿ ತರುವವನಿಗೆ ಆಗಲೂ ನಷ್ಟವೇ.

ಮೂಗಿಗಿಂತ ಮೂಗುತಿ ಭಾರ

ಈ ಲೆಕ್ಕದಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೊಂದಿದೆ. ಲಾರಿಯವನು ಬಾಡಿಗೆಯನ್ನು ಕೇಳುವುದು ದಾರಿಯ ದೂರಕ್ಕೂ ಯಂತ್ರವು ಹಿಡಿಯುವ ಜಾಗಕ್ಕೂ ಹೊರತು, ಯಂತ್ರದ ಬೆಲೆಗೆ ಅಲ್ಲ. ಆದಕಾರಣ ಯಂತ್ರವು ಹಳೆಯದಾಗಿ ಅಗ್ಗವಾದಷ್ಟೂ ಸಾಗಣೆಯ ಭಾರವು ಅದರ ಮೇಲೆ ಹೆಚ್ಚಾಗಿ ಬೀಳುತ್ತದೆ. ಮೇಲೆ ಹೇಳಿದ ೬೪,೭೦೦ ರೂಪಾಯಿ ಖರ್ಚು, ೬ ಲಕ್ಷದ ಯಂತ್ರಕ್ಕೆ ನೂರಕ್ಕೆ ೧೧ಕ್ಕಿಂತ ಕಡಿಮೆ. ೩ ಲಕ್ಷದ್ದಕ್ಕೆ ನೂರಕ್ಕೆ ೨೧ಕ್ಕಿಂತ ಹೆಚ್ಚು. ಒಂದೂವರೆ ಲಕ್ಷದ ಮುದಿ ಯಂತ್ರಕ್ಕಾದರೋ ನೂರಕ್ಕೆ ೪೩. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಯು ಇಂತಹ ವ್ಯಾಪಾರಕ್ಕೆ ಸರಿಯಾಗಿ ಒಪ್ಪುತ್ತದೆ. ಬಹು ಅಗ್ಗವೆಂದು ಮನಸ್ಸು ಓಡುವ ಯಂತ್ರವೇ ದೂರದಿಂದ ತರಲು ಎಲ್ಲಕ್ಕಿಂತ ಅನರ್ಹವಾದುದು.

ಇದರ ಜೊತೆಗೆ ಹೊಸ ಯಂತ್ರದ ಬೆಲೆಯನ್ನೂ ವಿಚಾರಿಸಬೇಕು. ೨೦೨೫ನೆಯ ಇಸವಿ ಸೆಪ್ಟೆಂಬರ್ ೨೨ರಿಂದ ಬೇಸಾಯದ ಟ್ರಾಕ್ಟರುಗಳ ಮೇಲಿನ ಜಿ.ಎಸ್.ಟಿ. ತೆರಿಗೆಯು ನೂರಕ್ಕೆ ೧೨ರಿಂದ ೫ಕ್ಕೆ ಇಳಿಯಿತು. ತೆರಿಗೆಗೆ ಮೊದಲು ೬,೦೦,೦೦೦ ರೂಪಾಯಿ ಬೆಲೆಯುಳ್ಳ ಯಂತ್ರದ ಮೇಲೆ ಇದರಿಂದ ೪೨,೦೦೦ ರೂಪಾಯಿ ಕಡಿಮೆಯಾಗುತ್ತದೆ. ಹೊಸದರ ಬೆಲೆ ತಗ್ಗಿದಾಗ ಹಳೆಯದಕ್ಕೆ ಕೊಡತಕ್ಕ ಬೆಲೆಯೂ ತಗ್ಗಬೇಕಾದುದು ನ್ಯಾಯ. ಅದಕ್ಕೆ ಮೊದಲಿನ ಬೆಲೆಗಳನ್ನು ಆಧಾರವಾಗಿಟ್ಟುಕೊಂಡು ಚೌಕಾಸಿ ಮಾಡುವವನು ಮೋಸಹೋಗುವನು.

ನಡೆಸಿಕೊಂಡು ಬರುವುದು

ಲಾರಿಯ ಬಾಡಿಗೆಯೇಕೆ, ಟ್ರಾಕ್ಟರನ್ನು ಓಡಿಸಿಕೊಂಡೇ ಬರಬಹುದಲ್ಲವೆ ಎಂದು ಕೆಲವರು ಕೇಳುವುದುಂಟು. ಗಂಟೆಗೆ ೨೫ ಕಿಲೋಮೀಟರು ವೇಗದಲ್ಲಿ ೨,೨೦೦ ಕಿಲೋಮೀಟರು ಬರಲು ೮೮ ಗಂಟೆಗಳು ಬೇಕು. ದಿನಕ್ಕೆ ಎಂಟು ಗಂಟೆ ಓಡಿಸಿದರೆ ಹನ್ನೊಂದು ದಿನಗಳು. ಗಂಟೆಗೆ ನಾಲ್ಕು ಲೀಟರಿನಂತೆ ೩೫೨ ಲೀಟರು ಡೀಸೆಲ್. ಲೀಟರಿಗೆ ೯೦ ರೂಪಾಯಿಯೆಂದರೂ ೩೧,೬೮೦ ರೂಪಾಯಿ. ಇಬ್ಬರು ಚಾಲಕರ ದಿನಗೂಲಿ, ಊಟ, ವಸತಿಗಳು ಸೇರಿದರೆ ಮೂವರು ಹಂಚಿಕೊಂಡ ಲಾರಿಯ ಬಾಡಿಗೆಯನ್ನು ಈ ಖರ್ಚು ಸುಲಭವಾಗಿ ಮೀರುತ್ತದೆ. ಹೊಲದ ಮಣ್ಣನ್ನು ಕಚ್ಚುವುದಕ್ಕಾಗಿ ಮಾಡಿದ ಹಿಂದಿನ ಚಕ್ರಗಳ ಟೈರಿನ ಉಬ್ಬುಗಳು ಟಾರು ರಸ್ತೆಯ ಮೇಲೆ ಬೇಗ ಸವೆಯುವ ನಷ್ಟವು ಬೇರೆ. ವೇಗದ ವಾಹನಗಳಿಗಾಗಿ ಕಟ್ಟಿದ ಹೆದ್ದಾರಿಗಳಲ್ಲಿ ಟ್ರಾಕ್ಟರಿಗೆ ಪ್ರವೇಶವಿಲ್ಲದಿರುವುದೂ ಉಂಟು. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿಯೇ ೨೦೨೩ನೆಯ ಇಸವಿ ಆಗಸ್ಟ್ ೧ರಿಂದ ಟ್ರಾಕ್ಟರುಗಳನ್ನು ನಿಷೇಧಿಸಲಾಯಿತು. ನೆರೆಯ ಜಿಲ್ಲೆಯಿಂದ ತರುವುದಾದರೆ ಓಡಿಸಿಕೊಂಡು ಬರುವುದು ಸರಿ. ದೇಶದ ಆಚೆ ತುದಿಯಿಂದ ತರುವುದಕ್ಕೆ ಅದು ಉಪಾಯವಲ್ಲ.

ಬಾಡಿಗೆಯನ್ನು ತಗ್ಗಿಸುವ ಮಾರ್ಗ

ಲಾರಿಯ ಬಾಡಿಗೆಯು ಎರಡು ದಿಕ್ಕಿಗೂ ಒಂದೇ ಸಮನಾಗಿರುವುದಿಲ್ಲ. ತಿಪಟೂರಿನ ಕೊಬ್ಬರಿಯನ್ನೂ ಮಲೆನಾಡಿನ ಅಡಿಕೆಯನ್ನೂ ಹೇರಿಕೊಂಡು ಉತ್ತರದೇಶಕ್ಕೆ ಹೋಗುವ ಲಾರಿಗಳು ಮರಳಿ ಬರುವಾಗ ಹೊರೆಗಾಗಿ ಕಾಯುತ್ತವೆ. ಬರಿದಾಗಿ ಬರುವುದಕ್ಕಿಂತ ಕಡಿಮೆ ಬಾಡಿಗೆಗಾದರೂ ಹೊರೆಯನ್ನು ಹೊತ್ತು ಬರುವುದು ಲಾರಿಯವನಿಗೆ ಲಾಭಕರವಾದುದು. ಆದಕಾರಣ ಸಂತೆಯ ದಲ್ಲಾಳಿಯು ಗೊತ್ತುಮಾಡಿದ ಲಾರಿಯನ್ನು ಕೂಡಲೆ ಒಪ್ಪಿಕೊಳ್ಳದೆ, ಹೊರಡುವ ಮೊದಲೇ ತಮ್ಮ ಪೇಟೆಯ ಮಂಡಿಯವರಲ್ಲಿ ಇಂತಹ ಲಾರಿಗಳ ವಿಚಾರವನ್ನು ತಿಳಿದುಕೊಳ್ಳುವುದು ಮೇಲು.

ಬಾಡಿಗೆಯನ್ನು ಗೊತ್ತುಮಾಡುವಾಗ ಊರಿನ ಹೆಸರನ್ನು ಹೇಳಿ ಮನೆಯವರೆಗೆ ತಲಪಿಸುವಂತೆ ಬರೆಯಿಸಿಕೊಳ್ಳಬೇಕು. ಜಿಲ್ಲೆಯ ಪೇಟೆಯವರೆಗೆ ಮಾತ್ರ ಒಪ್ಪಿ ಬಂದವನು ಮುಂದಿನ ಐವತ್ತು ಕಿಲೋಮೀಟರಿಗೆ ಕೇಳಿದಷ್ಟು ಕೊಡಬೇಕಾದೀತು. ಇಳಿಸುವ ಸ್ಥಳವನ್ನೂ ಮೊದಲೇ ನೋಡಿಡಬೇಕು. ಲಾರಿಯ ಹಾಸಿನ ಎತ್ತರಕ್ಕೆ ಸರಿಯಾದ ಗಟ್ಟಿ ದಿಬ್ಬ, ಅಥವಾ ಮಾರುಕಟ್ಟೆಯ ಪ್ರಾಂಗಣದ ಕಟ್ಟೆಯಿದ್ದರೆ ಕ್ರೇನಿನ ಬಾಡಿಗೆಯು ಉಳಿಯುವುದು.

ಕಾಗದಪತ್ರಗಳು

ಯಂತ್ರವು ಬಂದು ಕಾಗದಗಳು ಬಾರದಿದ್ದರೆ ಸಂಕಟವು ದೊಡ್ಡದು. ೧೯೮೮ರ ಮೋಟಾರು ವಾಹನ ಅಧಿನಿಯಮದ ಮೇರೆಗೆ ಈ ಕೆಳಗಿನ ಸಂಗತಿಗಳನ್ನು ನೆನಪಿನಲ್ಲಿಡತಕ್ಕದ್ದು.

೧. ಮಾರುವವನ ಹೆಸರು, ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ನೋಂದಣಿ ಪತ್ರದೊಡನೆ ಅಕ್ಷರಶಃ ಹೊಂದಬೇಕು. ನೋಂದಣಿಯ ಅವಧಿ, ವಿಮೆ, ಸಾಲದ ವಿವರಗಳನ್ನು ಸರಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಬಹುದು.

೨. ಯಂತ್ರದ ಮೇಲೆ ಬ್ಯಾಂಕಿನ ಸಾಲವಿದ್ದಲ್ಲಿ, ಅದು ತೀರಿ ನೋಂದಣಿ ಪತ್ರದಿಂದ ಬ್ಯಾಂಕಿನ ಹೆಸರು ತೆಗೆಯಲ್ಪಟ್ಟ ಹೊರತು ಪೂರ್ಣ ಹಣವನ್ನು ಕೊಡಬಾರದು.

೩. ಆ ಪ್ರಾಂತ್ಯದ ನೋಂದಣಿ ಅಧಿಕಾರಿಯಿಂದ ೪೮ನೆಯ ಪ್ರಕರಣದ ಆಕ್ಷೇಪಣೆಯಿಲ್ಲವೆಂಬ ಪತ್ರವನ್ನು ಮಾರುವವನೇ ಪಡೆದು ಕೊಡುವಂತೆ ಕರಾರು ಮಾಡಿಕೊಳ್ಳಬೇಕು. ಅದು ಕೈಗೆ ಬರುವವರೆಗೆ ಬೆಲೆಯಲ್ಲಿ ಸ್ವಲ್ಪ ಭಾಗವನ್ನು ತಡೆದಿಡುವುದು ಜಾಣತನವು.

೪. ಕೊಂಡವನು ೩೦ ದಿನಗಳೊಳಗಾಗಿ ತನ್ನ ಊರಿನ ನೋಂದಣಿ ಅಧಿಕಾರಿಗೆ ವರ್ಗಾವಣೆಯನ್ನು ತಿಳಿಸಬೇಕು; ಹನ್ನೆರಡು ತಿಂಗಳಿಗೆ ಮೀರಿ ಇಲ್ಲಿಯೇ ಇಡುವ ವಾಹನಕ್ಕೆ ಇಲ್ಲಿನ ಹೊಸ ಸಂಖ್ಯೆಯನ್ನು ಪಡೆಯಬೇಕು. ಇಲ್ಲಿ ಕಟ್ಟಬೇಕಾಗುವ ತೆರಿಗೆಯ ಮೊಬಲಗನ್ನು ಕೊಳ್ಳುವುದಕ್ಕೆ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

೫. ನೋಂದಣಿಯು ಹದಿನೈದು ವರ್ಷಗಳಿಗೆ ಮಾತ್ರ ಸಿಂಧುವಾದುದು. ಅನಂತರ ಪರೀಕ್ಷೆಯಾಗಿ ಐದೈದು ವರ್ಷಗಳಿಗೆ ನವೀಕರಣವಾಗಬೇಕು. ಹದಿಮೂರು ವರ್ಷದ ಟ್ರಾಕ್ಟರನ್ನು ಎರಡು ಸಾವಿರ ಕಿಲೋಮೀಟರು ಹೊತ್ತು ತರುವವನು ಎರಡೇ ವರ್ಷಗಳ ನಿಶ್ಚಿಂತೆಯನ್ನು ಕೊಂಡಂತೆ.

ತಮ್ಮ ಯಂತ್ರವನ್ನು ಮಾರುವ ಭೂಮಾಲೀಕರಿಗೂ ಒಂದು ಎಚ್ಚರಿಕೆಯ ಮಾತು ಅವಶ್ಯ. ಹೆಸರು ಬದಲಾಗುವ ಮೊದಲು ಆ ವಾಹನದಿಂದ ಅಪಘಾತವಾದರೆ, ದಾಖಲೆಯಲ್ಲಿ ಯಾರ ಹೆಸರಿರುವುದೋ ಅವನೇ ಪರಿಹಾರಕ್ಕೆ ಹೊಣೆಗಾರನೆಂದು ೨೦೧೮ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಕೈಬಿಟ್ಟ ಟ್ರಾಕ್ಟರಿನ ದೆಸೆಯಿಂದ ಕೈಯಲ್ಲಿರುವ ಭೂಮಿಯು ಸಾಲಕ್ಕೆ ಈಡಾಗುವ ಸಂಭವವುಂಟು.

ದಾರಿಯ ಅಪಾಯ

ಲಾರಿಯ ಮೇಲೆ ಟ್ರಾಕ್ಟರನ್ನು ನಿಲ್ಲಿಸಿದ ಮೇಲೆ ಗೇರಿನಲ್ಲಿಟ್ಟು, ಬ್ರೇಕು ಬಿಗಿದು, ಚಕ್ರಗಳಿಗೆ ಮರದ ದಿಮ್ಮಿಗಳನ್ನು ಕೊಟ್ಟು, ಮುಂದೆಯೂ ಹಿಂದೆಯೂ ಕಬ್ಬಿಣದ ಚೌಕಟ್ಟಿಗೆ ಸರಪಳಿಯನ್ನು ಕಟ್ಟಿಸಬೇಕು. ಬ್ಯಾಟರಿಯ ತಂತಿಯನ್ನು ಬಿಚ್ಚಿಡಬೇಕು. ಹೊರಡುವ ಮುನ್ನ ನಾಲ್ಕು ಕಡೆಯಿಂದಲೂ ಛಾಯಾಚಿತ್ರ ತೆಗೆದಿಡುವುದು ಒಳ್ಳೆಯದು.

ಸಾಗಣೆದಾರನಿಂದ ಯಂತ್ರದ ಬೆಲೆಯನ್ನು ನಮೂದಿಸಿದ ಸರಕು ರಸೀತಿಯನ್ನು ತಪ್ಪದೆ ಪಡೆಯಬೇಕು. ೨೦೦೭ರ ರಸ್ತೆ ಸಾಗಣೆ ಅಧಿನಿಯಮದ ಮೇರೆಗೆ, ನಷ್ಟವಾದಲ್ಲಿ ಸರಕನ್ನು ಒಪ್ಪಿಸಿದ ದಿನದಿಂದ ೧೮೦ ದಿನಗಳೊಳಗಾಗಿ ಬರವಣಿಗೆಯಲ್ಲಿ ತಿಳಿಸದಿದ್ದರೆ ದಾವೆಗೆ ಅವಕಾಶವಿರದು. ೫೦,೦೦೦ ರೂಪಾಯಿಗೆ ಮೀರಿದ ಸರಕು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಹೋಗಲು ೨೦೧೮ರ ಏಪ್ರಿಲ್ ೧ರಿಂದ ಇ–ವೇ ಬಿಲ್ಲಿನ ನಿಯಮವು ಬಂದಿರುವುದರಿಂದ, ಅದು ಸಿದ್ಧವಿರುವುದನ್ನು ನೋಡಿಕೊಂಡೇ ಲಾರಿಯನ್ನು ಬಿಡಬೇಕು. ಹಳೆಯ ಟ್ರಾಕ್ಟರಿಗೆ ಮೂರನೆಯವರ ಹಾನಿಯ ವಿಮೆಯು ಮಾತ್ರ ಇದ್ದರೆ, ದಾರಿಯಲ್ಲಿ ಯಂತ್ರಕ್ಕೇ ಆಗುವ ಪೆಟ್ಟಿಗೆ ಅದರಿಂದ ಪರಿಹಾರವು ದೊರೆಯುವುದಿಲ್ಲ. ಪೂರ್ಣ ವಿಮೆಯಾಗಲಿ ಸಾಗಣೆಯ ವಿಮೆಯಾಗಲಿ ಮಾಡಿಸುವುದು ಕ್ಷೇಮ.

ಊರಿನ ಮುಖಂಡರ ಕರ್ತವ್ಯ

ರೋಹಿಣಿ ಮಳೆ ಬಿದ್ದ ಮೇಲೆ ಟ್ರಾಕ್ಟರನ್ನು ಹುಡುಕಿಕೊಂಡು ಉತ್ತರದೇಶಕ್ಕೆ ಹೊರಟವನು ಹೇಳಿದ ಬೆಲೆಗೆ ಕೊಳ್ಳುವನು, ಕೇಳಿದ ಬಾಡಿಗೆಯನ್ನು ಕೊಡುವನು. ಯಂತ್ರವು ದಾರಿಯಲ್ಲಿರುವಾಗಲೇ ಬಿತ್ತನೆಯ ಹದವು ಮೀರಿಹೋದೀತು. ಹದ ತಪ್ಪಿದ ಬೆಳೆಯ ನಷ್ಟವನ್ನು ಯಾವ ಅಗ್ಗದ ಬೆಲೆಯೂ ತುಂಬಿಕೊಡಲಾರದು. ಕೊಳ್ಳುವ ಆಲೋಚನೆಯನ್ನು ಮಾಘ ಫಾಲ್ಗುಣಗಳಲ್ಲಿಯೇ ಮಾಡಿ, ಒಂದೇ ಊರಿನ ಅಥವಾ ನೆರೆಯೂರುಗಳ ಮೂವರು ಕೂಡಿ ಹೋಗುವಂತೆ ಏರ್ಪಾಡು ಮಾಡುವುದು ಊರಿನ ಯಜಮಾನರಿಂದ ಆಗತಕ್ಕ ಕೆಲಸ. ವರ್ಷಕ್ಕೆ ಕೆಲವೇ ದಿನಗಳ ಉಳುಮೆಯುಳ್ಳ ಸಣ್ಣ ಹಿಡುವಳಿದಾರರು ಸ್ವಂತ ಯಂತ್ರದ ಗೋಜಿಗೆ ಹೋಗದೆ, ೨೦೧೪ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯ ಕೇಂದ್ರಗಳಿಂದ ಬಾಡಿಗೆಗೆ ಪಡೆಯುವುದು ಲಾಭಕರವೆಂಬುದನ್ನೂ ಅವರಿಗೆ ತಿಳಿಯಹೇಳಬೇಕು.

ಹೊರಡುವ ಮುನ್ನ ಒಂದು ಹಾಳೆಯಲ್ಲಿ ಎರಡು ಸಾಲುಗಳನ್ನು ಬರೆದು ನೋಡುವುದು ಸಾಕು: ಅಲ್ಲಿನ ಬೆಲೆಯೂ ತರುವ ಖರ್ಚೂ ಒಂದು ಕಡೆ, ತನ್ನ ಜಿಲ್ಲೆಯ ಬೆಲೆಯು ಇನ್ನೊಂದು ಕಡೆ. ಮೊದಲನೆಯದು ಸ್ಪಷ್ಟವಾಗಿ ಕಡಿಮೆಯಾದಲ್ಲಿ ಧೈರ್ಯವಾಗಿ ಹೊರಡಬಹುದು. ಎರಡೂ ಸಮಸಮನಾಗಿ ಬಂದರೆ ಹತ್ತಿರದ ಯಂತ್ರವನ್ನೇ ಕೊಳ್ಳತಕ್ಕದ್ದು. ಕೆಟ್ಟಾಗ ರಿಪೇರಿಗೂ, ಮಾರಿದವನನ್ನು ಕಂಡು ಕೇಳುವುದಕ್ಕೂ ಹತ್ತಿರದ್ದೇ ಅನುಕೂಲವಾದುದು.