ಸಾಗರವರ್ಣ ದೂರಸಂವೇದನೆ

ಸಾಗರವರ್ಣ ದೂರಸಂವೇದನೆ ಎಂಬುದು ಸಮುದ್ರದ ನೀರಿನೊಳಗಿಂದ ಹೊರಬಂದು ಉಪಗ್ರಹವನ್ನು ತಲುಪುವ ಬೆಳಕನ್ನು ಬೇರೆ ಬೇರೆ ತರಂಗಾಂತರಗಳಲ್ಲಿ ಅಳೆದು, ಆ ನೀರಿನ ದ್ಯುತಿಗುಣಗಳನ್ನೂ ಅದರಲ್ಲಿ ಬೆರೆತಿರುವ ಪದಾರ್ಥಗಳನ್ನೂ ಅಂದಾಜು ಮಾಡುವ ವಿಧಾನವಾಗಿದೆ. ಇದರಿಂದ ನೀರಿನ ತಿಳಿತನ, ಕ್ಲೋರೋಫಿಲ್‌ನ ಪ್ರಮಾಣ, ನದಿಗಳು ತಂದು ಸುರಿಯುವ ಹೂಳಿನ ಹರವು ಮುಂತಾದವು ತಿಳಿದುಬರುತ್ತವೆ.

ಬಣ್ಣದ ಕಾರಣ

ಕಡಲಿನ ನೀಲಿಯು ಆಕಾಶದ ಪ್ರತಿಬಿಂಬವಷ್ಟೇ ಎಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಭೌತವಿಜ್ಞಾನಿ ರ‍್ಯಾಲೆ ಕೂಡ ಹಾಗೆಯೇ ಭಾವಿಸಿದ್ದರು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಅವರು ನಿಕಲ್ ಪಟ್ಟಕದ ಮೂಲಕ ನೋಡಿ, ಮೇಲ್ಮೈಯ ಪ್ರತಿಫಲನವನ್ನು ತಡೆದರೂ ನೀಲಿಯು ಮಾಸುವುದಿಲ್ಲವೆಂದು ಕಂಡುಕೊಂಡರು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬುದು ಅವರ ನಿರ್ಣಯ. ಇದರ ಜೊತೆಗೆ ನೀರು ಕೆಂಪು ಬೆಳಕನ್ನು ಬಲವಾಗಿ ಹೀರುವುದರಿಂದಲೂ ಆಳದ ಕಡಲು ನೀಲಿಯಾಗಿ ತೋರುತ್ತದೆ.

ಹೀರಿಕೆ ಮತ್ತು ಚದುರಿಕೆ ಎಂಬ ಈ ಎರಡೇ ಕ್ರಿಯೆಗಳು ಇಡೀ ವಿಷಯದ ತಳಹದಿ. ಒಂದು ಲೋಟ ನೀರಿಗೆ ನಾಲ್ಕು ಹನಿ ಕಾಫಿ ಡಿಕಾಕ್ಷನ್ ಬಿಟ್ಟರೆ ನೀರು ಕಪ್ಪಾಗುವುದು ಮುಖ್ಯವಾಗಿ ಹೀರಿಕೆಯಿಂದ. ನಾಲ್ಕು ಹನಿ ಹಾಲು ಬಿಟ್ಟರೆ ಬೆಳ್ಳಗಾಗುವುದು ಚದುರಿಕೆಯಿಂದ. ಸಮುದ್ರದಲ್ಲಿ ಸಸ್ಯಪ್ಲವಕಗಳ ಕ್ಲೋರೋಫಿಲ್ 443 ನ್ಯಾನೋಮೀಟರಿನ ಆಸುಪಾಸಿನ ನೀಲಿಯನ್ನು ಹೆಚ್ಚಾಗಿ ಹೀರುತ್ತದೆ. ಕೊಳೆತ ಎಲೆ, ಬೇರು, ಜೀವಿಗಳಿಂದ ಕರಗಿ ಬಂದ ಹಳದಿ ಪದಾರ್ಥವೂ ನೀಲಿಯನ್ನು ಹೀರುತ್ತದೆ. ಅದರ ಹೀರಿಕೆ ನೇರಳೆಯ ಕಡೆಗೆ ಹೋದಂತೆ ಏರುತ್ತಲೇ ಇರುತ್ತದೆ. ಹೂಳಿನ ಕಣಗಳು ಮುಖ್ಯವಾಗಿ ಬೆಳಕನ್ನು ಚದುರಿಸುತ್ತವೆ.

ಹೀರಿಕೆ, ಚದುರಿಕೆಗಳು ನೀರಿಗೂ ಅದರಲ್ಲಿರುವ ವಸ್ತುಗಳಿಗೂ ಸೇರಿದವು. ಸೂರ್ಯನು ನೆತ್ತಿಯ ಮೇಲಿದ್ದರೂ ಓರೆಯಾಗಿದ್ದರೂ ಬದಲಾಗವು. ಆದುದರಿಂದ ಇವನ್ನು ಸಹಜ ದ್ಯುತಿಗುಣಗಳೆನ್ನುತ್ತಾರೆ. ಉಪಗ್ರಹದ ಅಳತೆಯಿಂದ ದೊರೆಯುವ ಪ್ರತಿಫಲನಾಂಶವಾದರೋ ಬೆಳಕು ಬೀಳುವ ರೀತಿಯನ್ನೂ ಸ್ವಲ್ಪಮಟ್ಟಿಗೆ ಅವಲಂಬಿಸುತ್ತದೆ. ಅದು ತೋರಿಕೆಯ ಗುಣ. ತೋರಿಕೆಯಿಂದ ಸಹಜದ ಕಡೆಗೆ ಹಿಂದಿರುಗುವುದೇ ಇಲ್ಲಿಯ ಸಮಸ್ಯೆ.

ವಾಯುಮಂಡಲದ ಅಡ್ಡಿ

ಸುಮಾರು 700 ಕಿಲೋಮೀಟರ್ ಎತ್ತರದಲ್ಲಿರುವ ಸಂವೇದಕಕ್ಕೆ ಸಮುದ್ರದ ದಿಕ್ಕಿನಿಂದ ಬರುವ ಬೆಳಕಿನಲ್ಲಿ ಸರಿಸುಮಾರು ಶೇ. 90ರಷ್ಟು ಗಾಳಿಯ ಅಣುಗಳಿಂದಲೂ ತೇಲುವ ಧೂಳುಕಣಗಳಿಂದಲೂ ಚದುರಿ ಬಂದದ್ದು. ನೀರಿನ ಪಾಲು ಉಳಿದ ಅಲ್ಪಾಂಶ ಮಾತ್ರ. ಹೀಗಾಗಿ ಸಂವೇದಕದಲ್ಲಿ ಶೇ. 1ರಷ್ಟು ತಪ್ಪಿದ್ದರೂ ನೀರಿನ ಬೆಳಕಿನಲ್ಲಿ ಅದು ಶೇ. 10ರಷ್ಟು ತಪ್ಪಾಗಬಲ್ಲದು. ಅಣುಗಳ ಚದುರಿಕೆಯನ್ನು ನಿಖರವಾಗಿ ಲೆಕ್ಕಹಾಕಬಹುದು. ಧೂಳಿನದು ದಿನಕ್ಕೊಂದು ಬಗೆ. ತಿಳಿಯಾದ ಸಮುದ್ರವು ಅವಕೆಂಪಿನಲ್ಲಿ ಬಹುಮಟ್ಟಿಗೆ ಕಪ್ಪಾಗಿರುವುದರಿಂದ, ಅಲ್ಲಿ ಕಾಣುವ ಬೆಳಕೆಲ್ಲ ಧೂಳಿನದೆಂದು ಹಿಡಿದು, ಗೋಚರ ಬಣ್ಣಗಳಲ್ಲಿ ಅದರ ಪಾಲನ್ನು ಕಳೆಯುತ್ತಾರೆ. ಕೆಸರು ನೀರಿನಲ್ಲಿ ಈ ಗ್ರಹಿಕೆ ಕುಸಿಯುತ್ತದೆ: ಹೂಳು ಅವಕೆಂಪನ್ನೂ ಮರಳಿಸುವುದರಿಂದ ಅಗತ್ಯಕ್ಕಿಂತ ಹೆಚ್ಚು ಕಳೆದುಹೋಗಿ, ನೀಲಿಯಲ್ಲಿ ಋಣ ಸಂಖ್ಯೆಗಳೂ ಬರುವುದುಂಟು. ಸಂವೇದಕಗಳ ಅಳತೆಯನ್ನು ತಿದ್ದಲು ಹವಾಯಿಯ ಲಾನಾಯ್ ದ್ವೀಪದ ಬಳಿ ತೇಲಿಬಿಟ್ಟಿರುವ 'ಮೋಬಿ' ಎಂಬ ತೇಲುಯಂತ್ರವು 1997ರಿಂದ ನೆರವಾಗುತ್ತಿದೆ.

ವಿಲೋಮ ಗಣನೆ

ಹಿಂಚದುರಿಕೆಯನ್ನು, ಹೀರಿಕೆ ಮತ್ತು ಹಿಂಚದುರಿಕೆಗಳ ಮೊತ್ತದಿಂದ ಭಾಗಿಸಿದಾಗ ಬರುವ ಅನುಪಾತವು ನೀರಿನ ಪ್ರತಿಫಲನಾಂಶವನ್ನು ನಿರ್ಧರಿಸುತ್ತದೆ. ಆದರೆ ಪ್ರತಿ ತರಂಗಾಂತರಕ್ಕೂ ಅಳತೆ ಒಂದು, ಅಜ್ಞಾತಗಳು ಎರಡು. ಹೊರಗಿನಿಂದ ಏನನ್ನಾದರೂ ಊಹಿಸಿಕೊಳ್ಳದೆ ಲೆಕ್ಕ ಬಿಡಿಸುವಂತಿಲ್ಲ.

2002ರಲ್ಲಿ ಝಾಂಗ್‌ಪಿಂಗ್ ಲೀ ಮತ್ತು ಸಂಗಡಿಗರು ರೂಪಿಸಿದ ಅರೆವಿಶ್ಲೇಷಣಾ ಕ್ರಮದಲ್ಲಿ ಇದಕ್ಕೊಂದು ಸರಳ ಉಪಾಯವಿದೆ. ತೆರೆದ ಸಮುದ್ರದಲ್ಲಿ 555 ನ್ಯಾನೋಮೀಟರಿನ ಹಸಿರಿನಲ್ಲಿ ಹೀರಿಕೆಯ ಬಹುಭಾಗ ನೀರಿನದೇ. ನೀರಿನ ಹೀರಿಕೆ ಮೊದಲೇ ಗೊತ್ತು. ಅಲ್ಲಿ ಒಟ್ಟು ಹೀರಿಕೆಯನ್ನು ಅಂದಾಜಿಸಿದರೆ ಹಿಂಚದುರಿಕೆ ತಾನಾಗಿ ಸಿಗುತ್ತದೆ. ಕಣಗಳ ಹಿಂಚದುರಿಕೆ ತರಂಗಾಂತರದೊಂದಿಗೆ ನಯವಾಗಿ ಬದಲಾಗುವುದರಿಂದ ಅದನ್ನು ಉಳಿದ ಬಣ್ಣಗಳಿಗೂ ವಿಸ್ತರಿಸಿ, ಆಮೇಲೆ ಅಲ್ಲಲ್ಲಿಯ ಹೀರಿಕೆಯನ್ನು ಪಡೆಯುತ್ತಾರೆ. ಕಡೆಯದಾಗಿ ಆ ಹೀರಿಕೆಯನ್ನು ಸಸ್ಯಪ್ಲವಕಗಳ ಪಾಲು, ಹಳದಿ ಪದಾರ್ಥದ ಪಾಲು ಎಂದು ಒಡೆಯುತ್ತಾರೆ. ಮೊದಲ ಹಂತಗಳು ಗಟ್ಟಿ. ಕೊನೆಯ ಈ ಹಂಚಿಕೆಯೇ ದುರ್ಬಲವಾದುದು. ನಿರ್ಜೀವ ಕಣಗಳ ಹೀರಿಕೆ ಹಳದಿ ಪದಾರ್ಥದ ಹೀರಿಕೆಯನ್ನೇ ಹೋಲುವುದರಿಂದ ಅವೆರಡನ್ನೂ ಒಟ್ಟುಗೂಡಿಸಿಯೇ ಕೊಡಬೇಕಾಗುತ್ತದೆ.

ಇದು ಕೇವಲ ಲೆಕ್ಕದ ತೊಡಕಲ್ಲ. ನೀಲಿ ಮತ್ತು ಹಸಿರಿನ ಅನುಪಾತವೊಂದರಿಂದಲೇ ಕ್ಲೋರೋಫಿಲ್ ಹೇಳುವ ಹಳೆಯ ಸೂತ್ರಗಳು ಬಾಲ್ಟಿಕ್, ಆರ್ಕ್‌ಟಿಕ್ ಸಮುದ್ರಗಳಲ್ಲಿ ನದಿಗಳು ತಂದ ಹಳದಿ ಪದಾರ್ಥವನ್ನೂ ಸಸ್ಯವೆಂದು ಎಣಿಸಿ ಹೆಚ್ಚಿನ ಪ್ರಮಾಣ ತೋರಿಸುತ್ತವೆ. ಕಡಲಿನ ಸಸ್ಯಗಳು ಎಷ್ಟು ಇಂಗಾಲ ಹೀರುತ್ತವೆ ಎಂಬ ಲೆಕ್ಕಕ್ಕೆ ಈ ಅಂಕಿಗಳೇ ಆಧಾರವಾದ್ದರಿಂದ ತಪ್ಪು ಅಲ್ಲಿಗೂ ಹರಿಯುತ್ತದೆ.

ಉಪಗ್ರಹಗಳು

1978ರಲ್ಲಿ ನಿಂಬಸ್-7ರ ಮೇಲೆ ಹೋದ ಕರಾವಳಿ ವರ್ಣಶೋಧಕವು ಈ ಬಗೆಯ ಮೊದಲ ಉಪಕರಣ. ಅದರಲ್ಲಿ ನೀಲಿಗೆ 443 ನ್ಯಾನೋಮೀಟರಿನ ಒಂದೇ ಪಟ್ಟಿಯಿದ್ದುದರಿಂದ ಹಳದಿ ಪದಾರ್ಥವನ್ನು ಬೇರ್ಪಡಿಸಲು ಆಗುತ್ತಿರಲಿಲ್ಲ. 1997ರ ಸೀವಿಫ್ಸ್‌ನಲ್ಲಿ 412ರ ಪಟ್ಟಿ ಸೇರಿತು. ಅನಂತರ ಮೋಡಿಸ್, ಮೆರಿಸ್ ಮುಂತಾದವು ಬಂದವು. 2024ರ ಫೆಬ್ರವರಿಯಲ್ಲಿ ಹಾರಿದ ಪೇಸ್ ಉಪಗ್ರಹವು ಬಿಡಿಬಿಡಿ ಪಟ್ಟಿಗಳ ಬದಲು ವರ್ಣಪಟಲವನ್ನು ಹೆಚ್ಚುಕಡಿಮೆ ಅಖಂಡವಾಗಿ ಅಳೆಯುತ್ತದೆ.

ಭಾರತವು 1999ರ ಮೇ 26ರಂದು ಓಷನ್‌ಸ್ಯಾಟ್-1ನ್ನು ಕಕ್ಷೆಗೇರಿಸಿತು. ಅದರ ಸಾಗರವರ್ಣ ಮಾಪಕದಲ್ಲಿ 8 ಪಟ್ಟಿಗಳಿದ್ದವು. 2009ರಲ್ಲಿ ಓಷನ್‌ಸ್ಯಾಟ್-2, 2022ರ ನವೆಂಬರ್ 26ರಂದು 13 ಪಟ್ಟಿಗಳ ಮಾಪಕವುಳ್ಳ ಓಷನ್‌ಸ್ಯಾಟ್-3 ಹಾರಿದವು. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಕ್ಲೋರೋಫಿಲ್ ಮತ್ತು ಮೇಲ್ಮೈ ಉಷ್ಣತೆಯ ಚಿತ್ರಗಳನ್ನು ಆಧರಿಸಿ ಮೀನು ದೊರೆಯಬಹುದಾದ ವಲಯಗಳನ್ನು ಮೀನುಗಾರರಿಗೆ ತಿಳಿಸುತ್ತದೆ. ದೋಣಿಯ ಡೀಸೆಲ್ ಖರ್ಚು ಈ ಸೂಚನೆಯ ನಿಖರತೆಯನ್ನು ಅವಲಂಬಿಸಿದೆ.

ಮಿತಿಗಳು

ಉಪಗ್ರಹಕ್ಕೆ ಕಾಣುವುದು ಮೇಲಿನ ಪದರ ಮಾತ್ರ. ತಿಳಿನೀರಿನಲ್ಲಿ ಅದು ಹತ್ತಾರು ಮೀಟರ್, ಕೆಸರು ನೀರಿನಲ್ಲಿ ಒಂದು ಮೀಟರಿಗಿಂತಲೂ ಕಡಿಮೆ. ಮೋಡದ ಮೂಲಕ ಏನೂ ಕಾಣದು. ಕೇರಳ, ಕರ್ನಾಟಕದ ಕರಾವಳಿಯಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಆಳದ ಪೋಷಕಾಂಶಭರಿತ ನೀರು ಮೇಲೇಳುತ್ತದೆ, ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ, ನೇತ್ರಾವತಿಯಂಥ ನದಿಗಳು ಕೆಂಪು ಹೂಳನ್ನು ತಂದು ಸುರಿಯುತ್ತವೆ. ಆದರೆ ಬಣ್ಣವು ಅತಿ ಹೆಚ್ಚು ಬದಲಾಗುವ ಆ ಕಾಲದಲ್ಲೇ ಕಡಲು ವಾರಗಟ್ಟಲೆ ಮೋಡದಡಿ ಮುಚ್ಚಿರುತ್ತದೆ.