ಕಿವಿ, ಮೂಗು, ಗಂಟಲು: ಯಾರ ಬಾಗಿಲು ತಟ್ಟುವುದು?

ತೆಂಗಿನ ಸೀಮೆಯಲ್ಲಿ ಕಿವಿನೋವಿಗೆ ಮೊದಲ ವೈದ್ಯ ಕೊಬ್ಬರಿ ಎಣ್ಣೆ. ಗುಬ್ಬಿಯಾಗಲಿ ಕುಣಿಗಲ್ ಆಗಲಿ, ಎರಡು ಹನಿ ಬೆಚ್ಚಗೆ ಮಾಡಿ ಕಿವಿಗೆ ಬಿಟ್ಟು, ಹತ್ತಿ ತುರುಕಿ ರಾತ್ರಿ ಕಳೆಯುವ ಮನೆಗಳು ಇಂದಿಗೂ ಇವೆ. ಎರಡನೆಯ ವೈದ್ಯ ಮೆಡಿಕಲ್ ಸ್ಟೋರಿನ ಡ್ರಾಪ್ಸ್. ಎರಡೂ ಕೈಕೊಟ್ಟ ಮೇಲೆ ಇಎನ್‌ಟಿ ಡಾಕ್ಟರ ನೆನಪಾಗುತ್ತದೆ. ಅಷ್ಟರಲ್ಲಿ ಕಿವಿಯ ತಮಟೆ ತೂತಾಗಿದ್ದರೆ ಎಣ್ಣೆ ನಡುಗಿವಿಗೆ ಇಳಿದಿರುತ್ತದೆ, ಹತ್ತಿಯ ಕೆಳಗಿನ ತೇವದಲ್ಲಿ ಬೂಷ್ಟು ಬೆಳೆದಿರುತ್ತದೆ.

ಆಗ ಹುಟ್ಟುವ ಪ್ರಶ್ನೆ, ಯಾರಿಗೆ ತೋರಿಸುವುದು? ‘ಬೆಂಗಳೂರಿಗೇ ಹೋಗಿಬಿಡಿ’ ಎನ್ನುವ ನೆಂಟರಿಗೆ ಕೊರತೆಯಿಲ್ಲ. ಆದರೆ ಸೋರುವ ಕಿವಿ ಒಂದೇ ಭೇಟಿಗೆ ಬಗ್ಗುವ ಕಾಯಿಲೆಯಲ್ಲ. ಕಿವಿಯನ್ನು ಶುಚಿ ಮಾಡಿಸಬೇಕು, ವಾರ ಬಿಟ್ಟು ಮತ್ತೆ ತೋರಿಸಬೇಕು, ಕೆಲವೊಮ್ಮೆ ತಿಂಗಳುಗಟ್ಟಲೆ ಓಡಾಡಬೇಕು. ದೂರದ ದೊಡ್ಡ ಹೆಸರಿಗಿಂತ ಮತ್ತೆ ಮತ್ತೆ ಹೋಗಿಬರಲು ಆಗುವ ಜಾಗದಲ್ಲಿರುವ ಅರ್ಹ ವೈದ್ಯರೇ ಇಲ್ಲಿ ಮೇಲು.

ಗುಬ್ಬಿಯವರಿಗೆ ತುಮಕೂರು ಸುಮಾರು 20 ಕಿಲೋಮೀಟರ್. ನಗರದಲ್ಲಿ ಜಿಲ್ಲಾಸ್ಪತ್ರೆಯಿದೆ, ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ, ಶಿರಾ ರಸ್ತೆಯಲ್ಲಿ ಶ್ರೀದೇವಿ ವೈದ್ಯಕೀಯ ಕಾಲೇಜುಗಳಿವೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೆಂದರೆ ಅಲ್ಲಿ ಇಎನ್‌ಟಿ ವಿಭಾಗ ಇರಲೇಬೇಕು. ಮೊದಲು ನೋಡುವವರು ಕಲಿಯುತ್ತಿರುವ ಯುವ ವೈದ್ಯರು ಎಂದು ಮುಖ ಸಿಂಡರಿಸುವವರಿದ್ದಾರೆ. ಆದರೆ ಆ ಯುವ ವೈದ್ಯರ ಹಿಂದೆ ಪ್ರಾಧ್ಯಾಪಕರು ಇರುತ್ತಾರೆ. ಒಬ್ಬರ ಕಣ್ಣು ತಪ್ಪಿದ್ದು ಇನ್ನೊಬ್ಬರಿಗೆ ಬೀಳುವ ಅನುಕೂಲ ಒಂಟಿ ಕ್ಲಿನಿಕ್ಕಿನಲ್ಲಿ ಸಿಗದು. ಕುಣಿಗಲ್‌ನವರದು ಕವಲುದಾರಿ. ಒಂದು ಕಡೆ ತುಮಕೂರು, ಇನ್ನೊಂದು ಕಡೆ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರು, ಮಂಗಳೂರು ಹೆದ್ದಾರಿ ಹಿಡಿದರೆ ಬೆಳ್ಳೂರು ಬಳಿಯ ಆದಿಚುಂಚನಗಿರಿ ಆಸ್ಪತ್ರೆ. ಬೆಂಗಳೂರಿಗೇ ಹೋಗಬೇಕಾದವರಿಗೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ್ದೇ ಶ್ರೀ ವೆಂಕಟೇಶ್ವರ ಇಎನ್‌ಟಿ ಸಂಸ್ಥೆಯಿದೆ.

ಬಿಪಿಎಲ್ ಕಾರ್ಡಿನವರು ತಾಲ್ಲೂಕು ಆಸ್ಪತ್ರೆಯನ್ನು ದಾಟಿ ನೇರವಾಗಿ ನಗರಕ್ಕೆ ಓಡಬಾರದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ ನಿಜ. ಆದರೆ ಎಷ್ಟೋ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆ ಖಾಸಗಿಯವರು ಆ ಸೌಲಭ್ಯ ಕೊಡಲಾರರು. ತಾಲ್ಲೂಕು ಆಸ್ಪತ್ರೆಯಲ್ಲಿ ಇಎನ್‌ಟಿ ತಜ್ಞರು ಯಾವ ದಿನ ಇರುತ್ತಾರೆ ಎಂದು ಮೊದಲೇ ವಿಚಾರಿಸಿಕೊಂಡರೆ ಒಂದು ದಿನದ ಕೂಲಿಯೂ ಉಳಿಯುತ್ತದೆ.

ಬೋರ್ಡಿನಲ್ಲಿ ಏನು ಓದಬೇಕು? ಎಂಬಿಬಿಎಸ್ ಮುಂದೆ ಎಂಎಸ್ (ಇಎನ್‌ಟಿ), ಡಿಎನ್‌ಬಿ, ಇಲ್ಲವೇ ಹಳಬರಾದರೆ ಡಿಎಲ್‌ಒ. ಖಾಸಗಿ ಕ್ಲಿನಿಕ್ಕುಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಕಡ್ಡಾಯ. ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬೋರ್ಡು ಹಾಕಿ ನೋಂದಣಿ ಸಂಖ್ಯೆಯನ್ನೂ ಬರೆಸಬೇಕೆಂದು ಆರೋಗ್ಯ ಇಲಾಖೆ 2024ರಲ್ಲಿ ಸೂಚಿಸಿದೆ. ಹಿಯರಿಂಗ್ ಏಡ್ ಅಂಗಡಿಯ ಕಥೆಯೇ ಬೇರೆ. ಅಲ್ಲಿ ‘ಉಚಿತ ಶ್ರವಣ ತಪಾಸಣೆ’ ಮಾಡುವವರು ವೈದ್ಯರಲ್ಲ. ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಆಡಿಯಾಲಜಿಸ್ಟ್ ಆಗಿದ್ದರೆ ಕಿವಿ ಎಷ್ಟು ಕೇಳುತ್ತದೆ ಎಂದು ನಿಖರವಾಗಿ ಅಳೆಯಬಲ್ಲರು; ಯಾಕೆ ಕೇಳುತ್ತಿಲ್ಲ ಎಂಬುದನ್ನು ಇಎನ್‌ಟಿ ವೈದ್ಯರೇ ಹೇಳಬೇಕು. ಬರೀ ಗುಗ್ಗೆ ಗಟ್ಟಿಯಾಗಿ ಕಿವಿ ಮಂದವಾದವರಿಗೆ ಸಾವಿರಾರು ರೂಪಾಯಿಯ ಮೆಷಿನ್ ಏಕೆ? ಆಡಿಯಾಲಜಿಸ್ಟ್, ಇಎನ್‌ಟಿ ವೈದ್ಯರು ಇಬ್ಬರೂ ಒಂದೇ ಕಡೆ ಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಾತು ಬಾರದ ಮಕ್ಕಳ ತಂದೆತಾಯಿ ಅದನ್ನು ತಿಳಿದಿರಲೇಬೇಕು.

ಡಿಗ್ರಿಗಿಂತ ಮುಖ್ಯವಾದದ್ದು ಕೋಣೆಯೊಳಗೆ ಗೊತ್ತಾಗುತ್ತದೆ. ಒಳ್ಳೆಯ ಇಎನ್‌ಟಿ ವೈದ್ಯರು ಮೊದಲು ಇಣುಕಿ ನೋಡುತ್ತಾರೆ, ಚೀಟಿ ಆಮೇಲೆ. ನೋವಿರುವ ಕಿವಿಯ ಜತೆಗೆ ನೋವಿಲ್ಲದ ಕಿವಿಯನ್ನೂ, ಮೂಗನ್ನೂ ಗಂಟಲನ್ನೂ ನೋಡುತ್ತಾರೆ. ಕಿವಿ ಕೇಳದೆಂದರೆ ಶ್ರುತಿಕವೆ ಮಿಡಿದು ನೆತ್ತಿಗೂ ಕಿವಿಯ ಹಿಂದಕ್ಕೂ ಇಡುತ್ತಾರೆ. ದೋಷ ಹೊರದಾರಿಯದೋ ನರದ್ದೋ ಎಂಬ ಸುಳಿವು ಆ ಅರ್ಧ ನಿಮಿಷದಲ್ಲೇ ಸಿಗುತ್ತದೆ. ತಲೆಸುತ್ತಿನಲ್ಲಂತೂ ವ್ಯತ್ಯಾಸ ಎದ್ದು ಕಾಣುತ್ತದೆ. ಮಗ್ಗುಲು ಬದಲಿಸಿದಾಗ ಗಿರ್ರನೆ ಸುತ್ತುವ ಒಂದು ಬಗೆಗೆ ಕಾರಣ, ಒಳಗಿವಿಯಲ್ಲಿ ಜಾಗ ತಪ್ಪಿದ ಸಣ್ಣ ಹರಳುಗಳು. ರೋಗಿಯ ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಮಲಗಿಸಿ ಎಬ್ಬಿಸಿದರೆ ಹಲವರಿಗೆ ಅಲ್ಲೇ ಗುಣ. ಇದನ್ನು ಪರೀಕ್ಷಿಸದೆ ತಿಂಗಳುಗಟ್ಟಲೆ ಮಾತ್ರೆ ಬರೆಯುವವರೂ ಇದ್ದಾರೆ.

ದನಿಯ ವಿಷಯ ಈ ಸೀಮೆಗೆ ಹತ್ತಿರದ್ದು. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಊರು ಗುಬ್ಬಿ. ತುಮಕೂರಿನ ಹಳ್ಳಿಗಳಲ್ಲಿ ಈಗಲೂ ರಾತ್ರಿಯಿಡೀ ‘ಕುರುಕ್ಷೇತ್ರ’ ನಡೆಯುತ್ತದೆ. ದುರ್ಯೋಧನನ ಪಾತ್ರಧಾರಿಯ ಗಂಟಲು ಮರುದಿನ ಕಟ್ಟುವುದು ಸಹಜ. ನಾಲ್ಕು ದಿನ ಮೌನವಾಗಿದ್ದರೆ ಸರಿಹೋಗುತ್ತದೆ. ಆದರೆ ಮೂರು ವಾರ ದಾಟಿಯೂ ದನಿ ಒಡೆದೇ ಇದ್ದರೆ, ಅದರಲ್ಲೂ ಬೀಡಿ, ಹೊಗೆಸೊಪ್ಪು, ಅಡಿಕೆಯ ಅಭ್ಯಾಸವಿದ್ದರೆ, ಧ್ವನಿಪೆಟ್ಟಿಗೆಯನ್ನು ಎಂಡೋಸ್ಕೋಪಿನಲ್ಲಿ ಕಣ್ಣಾರೆ ನೋಡುವ ವೈದ್ಯರೇ ಬೇಕು. ಎಂಡೋಸ್ಕೋಪ್ ಇಲ್ಲದ ಕಡೆ ಕಷಾಯ, ಆ್ಯಂಟಿಬಯಾಟಿಕ್ ಎಂದು ದಿನ ದೂಡಿದರೆ ಕ್ಯಾನ್ಸರ್ ಇದ್ದರೂ ತಡವಾಗಿ ಗೊತ್ತಾಗುತ್ತದೆ.

ಆಯ್ಕೆಗೆ ಪುರುಸೊತ್ತೇ ಇಲ್ಲದ ಸಂದರ್ಭಗಳೂ ಉಂಟು. ಆಟಿಕೆಯ ಬಟನ್ ಬ್ಯಾಟರಿ ಮಗುವಿನ ಮೂಗಿಗೋ ಕಿವಿಗೋ ಸೇರಿದರೆ ಕೆಲವೇ ಗಂಟೆಗಳಲ್ಲಿ ಒಳಗಿನ ಚರ್ಮ ಸುಡುತ್ತದೆ. ರಾತ್ರಿ ಚೆನ್ನಾಗಿದ್ದು ಬೆಳಗ್ಗೆ ಒಂದು ಕಿವಿ ಕೇಳದಾದರೆ ಅದೂ ತುರ್ತೇ: ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಇಂಥಲ್ಲಿ ಹತ್ತಿರದ ಆಸ್ಪತ್ರೆಯೇ ಸರಿ.

ಇನ್ನು ಆಪರೇಷನ್. ಮಗುವಿಗೆ ಪದೇ ಪದೇ ಗಂಟಲುನೋವು ಎಂದಾಗ ಟಾನ್ಸಿಲ್ ತೆಗೆಸಿಬಿಡಿ ಎಂಬ ಮಾತು ಬರುತ್ತದೆ. ವರ್ಷಕ್ಕೆ 7 ಸಲ, ಅಥವಾ ಸತತ 2 ವರ್ಷ 5ರಂತೆ, ಇಲ್ಲವೇ 3 ವರ್ಷ 3ರಂತೆ ಗಂಟಲು ಬಾತರೆ ಯೋಚಿಸಬಹುದು ಎಂಬುದು ವೈದ್ಯರು ಬಹುಕಾಲದಿಂದ ಬಳಸುವ ಅಳತೆ. ಮಲಗಿದಾಗ ಉಸಿರು ಕಟ್ಟುವ ಮಕ್ಕಳ ಲೆಕ್ಕ ಬೇರೆ. ಮೊದಲ ಭೇಟಿಯಲ್ಲೇ ದಿನ ಗೊತ್ತು ಮಾಡುವವರಿದ್ದರೆ ಇನ್ನೊಬ್ಬ ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ತಾಲ್ಲೂಕು ಪಟ್ಟಣಗಳಲ್ಲಿ ವಾರಕ್ಕೊಮ್ಮೆ ಬಂದುಹೋಗುವ ತಜ್ಞರಿಂದ ಜನಕ್ಕೆ ದೊಡ್ಡ ಉಪಕಾರವಾಗಿದೆ. ಆದರೆ ಅವರಿಂದ ಆಪರೇಷನ್ ಮಾಡಿಸಿಕೊಳ್ಳುವ ಮುನ್ನ ಒಂದು ಮಾತು ಕೇಳಲೇಬೇಕು. ಟಾನ್ಸಿಲ್ ತೆಗೆದ ಐದರಿಂದ ಹತ್ತನೆಯ ದಿನದ ನಡುವೆ ಕೆಲವರಿಗೆ ಗಂಟಲಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ, ಅದು ನಡುರಾತ್ರಿಯೂ ಆಗಬಹುದು. ‘ಆಗ ಯಾರಿಗೆ ಫೋನ್ ಮಾಡಬೇಕು, ಎಲ್ಲಿಗೆ ಕರೆತರಬೇಕು ಸಾರ್?’ ಉತ್ತರದಲ್ಲಿ ಒಬ್ಬ ವೈದ್ಯರ ಹೆಸರು, ಒಂದು ನಂಬರು, ರಾತ್ರಿಯೂ ತೆರೆದಿರುವ ಒಂದು ಆಸ್ಪತ್ರೆ ಮೂರೂ ಇದ್ದರೆ ಆಮೇಲೆ ದಿನ ಗೊತ್ತು ಮಾಡಬಹುದು.