ಪೆಟ್ರೋಲಿಗೆ ಪ್ಲಾಸ್ಟಿಕ್ ಡಬ್ಬಿಯೇ?

ಕಾರಿನ ಪೆಟ್ರೋಲ್ ಟ್ಯಾಂಕ್ ಪ್ಲಾಸ್ಟಿಕ್‌ನದ್ದು ಅಂದ್ರೆ ಈಗಲೂ ಎಷ್ಟೋ ಜನ ಬೆಚ್ಚಿಬೀಳ್ತಾರೆ. ಸಾಮಾನ್ಯವಾಗಿ ಅದು ಇರೋದು ಹಿಂದಿನ ಸೀಟಿನ ಕೆಳಗೆ, ಮೇಲೆ ಕೂತಿರೋರು ನಮ್ಮ ಮಕ್ಕಳು. ಭಯ ಸಹಜ. ಆದರೆ ನಾನು ಓದಿದ ಎಂಜಿನಿಯರಿಂಗ್ ಬೇರೆಯದನ್ನೇ ಹೇಳುತ್ತೆ. ತಗಡಿನ ಟ್ಯಾಂಕಿಗೆ ತುಕ್ಕು ಹಿಡಿಯುತ್ತೆ, ಡಿಕ್ಕಿಯಾದಾಗ ಬೆಸುಗೆ ಬಾಯಿಬಿಡುವುದೂ ಉಂಟು. ಪ್ಲಾಸ್ಟಿಕ್ ಟ್ಯಾಂಕನ್ನು ಬಾಟಲಿಯಂತೆ ಗಾಳಿ ಊದಿ ಒಂದೇ ತುಂಡಾಗಿ ಮಾಡ್ತಾರೆ, ಏಟು ಬಿದ್ದರೆ ಬಗ್ಗುತ್ತೆ. 1973ರಲ್ಲೇ ಜರ್ಮನಿಯ ಫೋಕ್ಸ್‌ವ್ಯಾಗನ್ ಪಸಾಟ್‌ನಲ್ಲಿ ಇಂಥದ್ದಿತ್ತು.

ನಿಜವಾದ ಕಷ್ಟ ಬೇರೆ. ಪಾಲಿಎಥಿಲೀನ್ ಗೋಡೆಯೊಳಗಿಂದ ಪೆಟ್ರೋಲ್ ಆವಿ ಮೆಲ್ಲಗೆ ನುಸುಳುತ್ತೆ. ಅದಕ್ಕೇ ಇಂದಿನ ಟ್ಯಾಂಕಿನ ಗೋಡೆಗೆ 6 ಪದರ. ಆವಿಗೆ ತಡೆ ಹಾಕೋದು ನಡುವಿನ ಇವಿಒಎಚ್ ಎಂಬ ತೆಳು ಪದರ. ಅದು ಪಾಲಿಎಥಿಲೀನ್‌ಗೆ ತಾನಾಗಿ ಅಂಟಲ್ಲ, ಹಾಗಾಗಿ ಎರಡೂ ಬದಿ ಅಂಟಿನ ಪದರ. ಇನ್ನೊಂದು, ಕಾರ್ಖಾನೆಯಲ್ಲಿ ಉಳಿದ ಚೂರುಗಳನ್ನೇ ಪುಡಿಮಾಡಿ ಸೇರಿಸಿದ್ದು. ರಾತ್ರಿ ಉಳಿದ ಅನ್ನ ಬೆಳಗ್ಗೆ ಚಿತ್ರಾನ್ನ ಆದ ಹಾಗೆ!

ಬೆಂಕಿಯ ಮಾತು? ಯುರೋಪಿನ ನಿಯಮದಲ್ಲಿ ಪ್ಲಾಸ್ಟಿಕ್ ಟ್ಯಾಂಕಿಗೇ ಅಂತ ಅಗ್ನಿಪರೀಕ್ಷೆ ಇದೆ. ಅರ್ಧ ತುಂಬಿಸಿ, 1 ನಿಮಿಷ ನೇರ ಜ್ವಾಲೆಗೆ, ಮತ್ತೆ 1 ನಿಮಿಷ ಅಡ್ಡತೆರೆಯ ಮೂಲಕ ಬರುವ ಜ್ವಾಲೆಗೆ ಒಡ್ತಾರೆ. ಇಂಧನ ಸೋರಿದರೆ ಫೇಲ್. ಆ 2 ನಿಮಿಷ, ಒಳಗಿರೋರು ಇಳಿದು ಓಡೋಕೆ.